ಲೈಬ್ರರಿಯಲ್ಲಿ ಹುಡುಕೋದನ್ನ ಆಟದಿಂದ ಕಲಿಸೋದು: ಚೌಕಾಬಾರ ಆದೀತಾ?

ಕಪಾಟು ನಂ. 7

ಸಾಗರದ ಕಡೆಯ ಒಂದು ಪದವಿ ಕಾಲೇಜಿನ ಲೈಬ್ರರಿಗೆ ಆಟ ಬೇಕಾಗಿದೆ. ಮೊದಲ ಸೆಮಿಸ್ಟರಿನ ಬಿ.ಎ., ಬಿ.ಕಾಂ. ಸೇರಿ 54 ಮಕ್ಕಳು. ಸಿಗೋದು 55 ನಿಮಿಷದ ಒಂದೇ ಪೀರಿಯಡ್. ಕೋಹಾ (ಲೈಬ್ರರಿಯ ತಂತ್ರಾಂಶ) ಕ್ಯಾಟಲಾಗ್ ನೋಡೋಕೆ 3 ಕಂಪ್ಯೂಟರ್. ಮೊಬೈಲ್ ನೆಟ್‌ವರ್ಕ್ ಕಿಟಕಿ ಪಕ್ಕ ಮಾತ್ರ, ಅದೂ ಮಳೆ ಹೊಯ್ಯದೇ ಇದ್ದರೆ. ಪುಸ್ತಕ ಅರ್ಧ ತೆರೆದ ಕಪಾಟಿನಲ್ಲಿ, ಅರ್ಧ ಬೀಗ ಹಾಕಿದ ಬೀರುವಿನಲ್ಲಿ.

"ಇದು ಪತ್ರಿಕಾ ವಿಭಾಗ, ಇದು ಪರಾಮರ್ಶನ ವಿಭಾಗ" ಅಂತ ಮೆರವಣಿಗೆ ಹೊರಡಿಸೋದನ್ನ ಈ ಸಲ ಬಿಡೋಣ ಅಂತ ಚೌಕಾಬಾರದ ಕರಡು ಮಾಡಿದ್ದೇನೆ. 5×5 ಮನೆ, ನಾಲ್ಕು ತಂಡ, ನಾಲ್ಕು ಕವಡೆ. ಕವಡೆ ಹಾಕಬೇಕು, ಬಿದ್ದಷ್ಟು ನಡೆಯಬೇಕು, ನಿಂತ ಮನೆಯ ಪ್ರಶ್ನೆಗೆ ಉತ್ತರ ಹೇಳಬೇಕು. ಪ್ರಶ್ನೆಗಳು ಹೀಗೆ: ಓಪ್ಯಾಕ್ ಅಂದರೇನು? ಡ್ಯೂಯಿ ದಶಮಾಂಶ ವರ್ಗೀಕರಣ ಮೊದಲು ಪ್ರಕಟವಾದದ್ದು ಯಾವಾಗ? ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ಐದು ಸೂತ್ರ ಯಾವುವು? ತಪ್ಪಿದರೆ ಎರಡು ಮನೆ ಹಿಂದೆ. ಇದರಲ್ಲಿ ಎಲ್ಲಿ ಎಡವುತ್ತೆ, ಹೇಳಿ.

ತೀರ್ಥಹಳ್ಳಿ ಮೇಷ್ಟ್ರು

ಬೇಜಾರು ಮಾಡ್ಕೋಬೇಡಿ ಮೇಡಂ, ಇದು ಆಟ ಅಲ್ಲ, ಕವಡೆ ಕೊಟ್ಟ ಕ್ವಿಜ್. ಡ್ಯೂಯಿದು 1876 ಅಂತ ಗೊತ್ತಿದ್ದವನು ಗೆಲ್ತಾನೆ, ಆದರೆ ಅವನಿಗೆ ಪುಸ್ತಕ ಹುಡುಕೋಕೆ ಬರುತ್ತೆ ಅಂತೇನಿಲ್ಲ. ಮೇಲಾಗಿ ಎಂಟು ಬಿದ್ದವನು ಏನೂ ಗೊತ್ತಿಲ್ಲದೇ ಮುಂದೆ ಹೋಗ್ತಾನೆ. ಕವಡೆಗೆ ಮರ್ಯಾದೆ ಇರೋದು ಅಜ್ಜಿ ಮನೆ ಜಗಲೀಲಿ, ಇಲ್ಲಿ ಅಲ್ಲ.

ಯಾವ ಆಟ ತಂದರೂ ಒಂದೇ ಪರೀಕ್ಷೆಗೆ ಒಡ್ಡಿ: ಕಪಾಟು, ಕ್ಯಾಟಲಾಗ್, ಆಕರ ಯಾವುದನ್ನೂ ಮುಟ್ಟದೆ ಇದನ್ನ ಗೆಲ್ಲಬಹುದಾ? ಗೆಲ್ಲಬಹುದು ಅಂದರೆ ಮಕ್ಕಳು ಹಾಗೇ ಗೆಲ್ತಾರೆ. ಸೋಮಾರಿತನ ಅಲ್ಲ ಅದು, ಆಟದ ಬುದ್ಧಿ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇದನ್ನ ಕೂತು ನೋಡಿದವರಿದ್ದಾರೆ. ಮೊದಲು ಅವರು ಕಟ್ಟಿದ್ದು 'ಡಿಫೆನ್ಸ್ ಆಫ್ ಹಿಡ್ಜನ್' ಅನ್ನೋ ವೆಬ್ ಮಣೆಯಾಟ. ಮಧ್ಯಯುಗದ ಪ್ಲೇಗಿನ ಕಥೆ ಇಟ್ಟುಕೊಂಡು ಪ್ರಶ್ನೆ ಹಿಂದೆ ಪ್ರಶ್ನೆ. ಅಂಕಕ್ಕೂ ತರಗತಿಯ ಕೆಲಸಕ್ಕೂ ಸಂಬಂಧ ಇಲ್ಲದಿದ್ದರೆ ವಿದ್ಯಾರ್ಥಿಗಳು ಆಡೋದೇ ಇಲ್ಲ ಅನ್ನೋದು ಅವರು ಅದರಿಂದ ಕಲಿತ ದೊಡ್ಡ ಪಾಠ. ಆಮೇಲೆ ಮಾಡಿದ 'ಬಿಬ್ಲಿಯೋಬೌಟ್ಸ್'ನಲ್ಲಿ ಪ್ರಶ್ನೆಪತ್ರಿಕೆನೇ ತೆಗೆದರು. ಮಕ್ಕಳು ತಮ್ಮ ಅಸೈನ್‌ಮೆಂಟಿಗೆ ತಾವೇ ಆಕರ ಹುಡುಕಿ ತರಬೇಕು, ಬೇರೆಯವರು ತಂದದ್ದಕ್ಕೆ ಅಂಕ ಹಾಕಬೇಕು, ಕೊನೆಗೆ ಎಲ್ಲರ ಗುಡ್ಡೆಯಿಂದ ಒಳ್ಳೆಯದನ್ನ ಆರಿಸಿ ಗ್ರಂಥಸೂಚಿ ಕಟ್ಟಬೇಕು. ಆಡೋದು, ಹುಡುಕೋದು ಬೇರೆಬೇರೆ ಅಲ್ಲ.

ನಿಮ್ಮ ಮಣೆ ಇರಲಿ. ಕವಡೆ ತೆಗೀರಿ. ಎಷ್ಟು ಮನೆ ನಡೆಯಬೇಕು ಅನ್ನೋದನ್ನ ತಂದ ಆಕರ ಹೇಳಲಿ.

ಕಾಮರ್ಸ್ ಮೇಡಂ

ರಂಗನಾಥನ್ 1931ರಲ್ಲೇ ಹೇಳಿದ ನಾಲ್ಕನೇ ಸೂತ್ರ "ಓದುಗರ ಸಮಯ ಉಳಿಸಿ". ನೀವೆಲ್ಲ ಸೇರಿ ಓದುಗರ 55 ನಿಮಿಷ ಆಟಕ್ಕೆ ಕೊಡ್ತಿದ್ದೀರಿ. ಸುಮ್ಮನೆ ಹೇಳಿದೆ, ಮುಂದುವರಿಸಿ.

ಮಳೆಗಾಲ

ಮಣೆಗಿಂತ ಮೊದಲು ಲೆಕ್ಕ ಸರಿ ಮಾಡ್ಕೊಳ್ಳಿ. 54 ಮಕ್ಕಳು, ತಂಡಕ್ಕೆ 3 ಜನ ಅಂದರೆ 18 ತಂಡ. ಐದಾರು ಜನರ ತಂಡ ಬೇಡ. ಒಬ್ಬ ಟೈಪ್ ಮಾಡ್ತಾನೆ, ಒಬ್ಬಳು ಬರೀತಾಳೆ, ಉಳಿದವರು ಮೊಬೈಲ್ ನೋಡ್ತಾರೆ. ಮೂವರಲ್ಲಿ ಅಡಗೋಕೆ ಜಾಗ ಇಲ್ಲ. ಹುಡುಕುವವರು, ಬರೆಯುವವರು, "ಇದು ಯಾಕೆ ಸರಿ?" ಅಂತ ಕೇಳುವವರು, ಹೀಗೆ ಮೂರು ಕೆಲಸ. ಸುತ್ತಿಗೊಮ್ಮೆ ಬದಲಾಗಬೇಕು.

18 ತಂಡ 3 ಕಂಪ್ಯೂಟರಿಗೆ ಮುಗಿಬಿದ್ದರೆ ಒಂದು ತಂಡಕ್ಕೆ ಇಡೀ ಪೀರಿಯಡಿನಲ್ಲಿ ಸಿಗೋದು 9 ನಿಮಿಷ, ಉಳಿದ ಹೊತ್ತು ಸಂತೆ. ಅದಕ್ಕೆ ಮೂರು ಕಟ್ಟೆ ಮಾಡಿ. ಒಂದರಲ್ಲಿ ಕಂಪ್ಯೂಟರ್, ಇನ್ನೊಂದರಲ್ಲಿ ಕಪಾಟು, ಮೂರನೇದರಲ್ಲಿ ನಿಮ್ಮ ಮಣೆ. ಕಟ್ಟೆಗೆ 6 ತಂಡ. ಶುರುವಿಗೆ 5 ನಿಮಿಷ, ಮೂರು ಕಟ್ಟೆಗೆ ತಲಾ 13, ಒಟ್ಟು 39. ಕೊನೆಗೆ 11 ನಿಮಿಷ ಕೂತು ಮಾತಾಡೋಕೆ. ಆ 11 ನಿಮಿಷ ಯಾರಿಗೂ ಬಿಟ್ಟುಕೊಡಬೇಡಿ. ಕಟ್ಟೆಯಿಂದ ಕಟ್ಟೆಗೆ ಹೋಗೋ ಗಲಾಟೆಯ ಅರ್ಧ ನಿಮಿಷ 13ರಲ್ಲೇ ಸೇರಿದೆ.

ಒಂದು ಕಟ್ಟೆಯ ಉತ್ತರ ಇಟ್ಟುಕೊಂಡೇ ಇನ್ನೊಂದನ್ನ ಆಡಬೇಕು ಅಂತ ಮಾತ್ರ ಇಡಬೇಡಿ. ತಂಡಗಳು ಬೇರೆಬೇರೆ ಕಡೆಯಿಂದ ಶುರು ಮಾಡೋದರಿಂದ ಮೂರರಲ್ಲಿ ಎರಡು ಪಾಲು ಮಕ್ಕಳು ಸಿಕ್ಕಿಬೀಳ್ತಾರೆ.

ಇನ್ನು ಕಪಾಟಿನ ಕಟ್ಟೆ. ಕಾಲ್ ನಂಬರ್ (ಡ್ಯೂಯಿ ಪ್ರಕಾರ ಪುಸ್ತಕದ ಬೆನ್ನಿಗೆ ಹಾಕಿದ ವಿಷಯದ ಸಂಖ್ಯೆ) ಜೋಡಿಸುವ ಆಟ ಅಂತ ನಿಜವಾದ ಪುಸ್ತಕ ಕೈಗೆ ಕೊಡಬೇಡಿ ಮಾರಾಯ್ರೆ. ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದುಹೋದ ಹಾಗೇ. ಆಟ ಮುಗಿದ ಮೇಲೆ ಕಪಾಟಿನ ಕ್ರಮ ನೋಡಿ ಸರಿಪಡಿಸೋಕೆ ಸಿಬ್ಬಂದಿಗೆ ಎರಡು ದಿನ. ಹಳೇ ಕ್ಯಾಟಲಾಗ್ ಕಾರ್ಡು ಮೂಲೆಯಲ್ಲಿ ಬಿದ್ದಿರುತ್ತಲ್ಲ, 12.5 × 7.5 ಸೆಂ.ಮೀ.ದು, ಅದರ ಖಾಲಿ ಬೆನ್ನೇ ಸಾಕು. ತಂಡಕ್ಕೆ 12 ಕಾರ್ಡು, ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ನಂಬರು.

ಹನ್ನೆರಡರಲ್ಲಿ ಸುಲಭದ್ದು ಆರು ಸಾಕು. ಉಳಿದ ಆರು ಉರುಳು. 633.7, 633.72, 633.73, 633.8 ಕೊಟ್ಟು ನೋಡಿ. 72 ಅನ್ನೋದು 8ಕ್ಕಿಂತ ದೊಡ್ಡದು ಅಂತ 633.8ನ್ನ ಮುಂದೆ ಇಡ್ತಾರೆ. ಚಹಾ 633.72, ಕಾಫಿ 633.73, ಎರಡೂ 633.8ಕ್ಕಿಂತ ಮೊದಲು ಬರಬೇಕು. ಇನ್ನೂ ಒಳ್ಳೆ ಉರುಳು ಕನ್ನಡದಲ್ಲೇ ಇದೆ. ಕನ್ನಡ ಸಾಹಿತ್ಯ 894.814, ಅದರಲ್ಲಿ ಕಾದಂಬರಿ 894.8143. ತೆಲುಗು ಸಾಹಿತ್ಯ 894.827. ಚುಕ್ಕಿ ಆದಮೇಲಿನದ್ದನ್ನ ಪೂರ್ಣಸಂಖ್ಯೆ ಥರ ಓದಿದವರಿಗೆ 827 ಚಿಕ್ಕದು, 8143 ದೊಡ್ಡದು. ತೆಲುಗು ಮುಂದೆ, ಕನ್ನಡ ಹಿಂದೆ ಹೋಗಿಬಿಡುತ್ತೆ. ಚುಕ್ಕಿ ನಂತರ ಒಂದೊಂದೇ ಅಂಕಿ ಹೋಲಿಸಬೇಕು. ಮೊದಲ 8 ಎರಡಕ್ಕೂ ಒಂದೇ, ಆಮೇಲೆ 1 ಮತ್ತು 2, ಅಲ್ಲಿಗೇ ತೀರ್ಮಾನ. ಇದನ್ನ ಮೊದಲೇ ಹೇಳಿಕೊಡಬೇಡಿ. ತಪ್ಪು ಇಟ್ಟ ಮೇಲೆ ಹೇಳಿದರೆ ಕೂರುತ್ತೆ.

ಜೋಡಿಸಿದ ಮೇಲೆ ಒಂದು ಕಾರ್ಡಿನ ಪುಸ್ತಕ ನಿಜವಾಗಿ ಕಪಾಟಿನಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬೇಕು. ತೆಗೆಯೋದು ಬೇಡ, ತೋರಿಸಿದರೆ ಸಾಕು.

ಸೊರಬದ ಕಾಡು

ಕಂಪ್ಯೂಟರ್ ಕಟ್ಟೆಗೆ ವಿಷಯ ಊರಿಂದಲೇ ತಗೊಳ್ಳಿ. "ಜಾಗತೀಕರಣದ ಪರಿಣಾಮಗಳು" ಅಂತ ಕೊಟ್ಟರೆ ಏನು ಹುಡುಕಿದರೂ ಏನೋ ಒಂದು ಸಿಗುತ್ತೆ, ಪಾಠ ಆಗಲ್ಲ. ಮೊದಲ ಪದಕ್ಕೆ ಸಿಗಬಾರದು, ಎರಡನೇದಕ್ಕೆ ಸ್ವಲ್ಪ, ನಾಲ್ಕನೇದಕ್ಕೆ ಸರಿಯಾಗಿ ಸಿಗಬೇಕು. ಅಂಥ ವಿಷಯ ಮಲೆನಾಡಿನಲ್ಲಿ ಬೇಕಾದಷ್ಟಿವೆ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ. ಊರವರ ಬಾಯಲ್ಲಿ ಮಂಗನ ಕಾಯಿಲೆ. ವೈದ್ಯಕೀಯ ಬರಹದಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್. ಆಸ್ಪತ್ರೆಯಲ್ಲಿ, ಪೇಪರಿನಲ್ಲಿ ಕೆಎಫ್‌ಡಿ. ವಿದ್ಯಾರ್ಥಿ ಇಂಗ್ಲಿಷಿಗೆ ತಾನೇ ತಿರುಗಿಸಿ 'ಮಂಕಿ ಡಿಸೀಸ್' ಅಂತ ಹಾಕಿದರೆ ಎಲ್ಲೆಲ್ಲಿಯದೋ ಮಂಗಗಳ ರೋಗ ಬಂದು ಬೀಳುತ್ತೆ. 'ಮಂಕಿ ಫೀವರ್' ಅಂದರೆ ಸುದ್ದಿ ಸಿಗುತ್ತೆ, ಸಂಶೋಧನಾ ಲೇಖನ ಕಡಿಮೆ. 'ಕೆಎಫ್‌ಡಿ' ಮೂರೇ ಅಕ್ಷರ, ಬೇರೆ ಸಂಸ್ಥೆಗಳ ಸಂಕ್ಷಿಪ್ತ ಹೆಸರೂ ಬಂದು ಸೇರ್ಕೊಳ್ಳುತ್ತೆ. ಪೂರ್ತಿ ಹೆಸರನ್ನ ಉದ್ಧರಣ ಚಿಹ್ನೆಯೊಳಗೆ ಹಾಕಿದಾಗ ಮಾತ್ರ ಬಲೆ ಸರಿಯಾಗಿ ಬೀಳುತ್ತೆ.

ಆಟ ಹೀಗೆ. ತಂಡಕ್ಕೊಂದು ಚೀಟಿ, ಅದರಲ್ಲಿ ನಾಲ್ಕು ಕಂಬ: ಹಾಕಿದ ಪದ, ಹುಡುಕಿದ ಜಾಗ, ಬಂದ ಫಲಿತಾಂಶ ಎಷ್ಟು, ಮುಂದೆ ಏನು ಬದಲಾಯಿಸಿದಿರಿ. ಫಲಿತಾಂಶ 5ಕ್ಕೂ 50ಕ್ಕೂ ನಡುವೆ ಬಂದು, ಮೊದಲ ಹತ್ತರಲ್ಲಿ ಕನಿಷ್ಠ ಐದು ವಿಷಯಕ್ಕೆ ಹೊಂದಿದರೆ ಸುತ್ತು ಗೆದ್ದ ಹಾಗೆ. (ಈ ಅಳತೆ ದೊಡ್ಡ ಡೇಟಾಬೇಸಿಗೆ. ಕಾಲೇಜಿನ ಕ್ಯಾಟಲಾಗಿನಲ್ಲಿ ಒಂದೆರಡು ಸಿಕ್ಕರೂ ಗೆಲುವೇ.) ಸೊನ್ನೆ ಬಂದ ಪ್ರಯತ್ನಕ್ಕೂ ಅಂಕ ಕೊಡಿ, ಆದರೆ ನಾಲ್ಕನೇ ಕಂಬ ತುಂಬಿದ್ದರೆ ಮಾತ್ರ. ಸೊನ್ನೆಗೆ ಅಂಕ ಇಲ್ಲದಿದ್ದರೆ ಮಕ್ಕಳು ಚೀಟಿಯಲ್ಲಿ ಸೊನ್ನೆ ಬರೆಯೋದೇ ಇಲ್ಲ. ಆಗ ಕೊನೆಯ 11 ನಿಮಿಷಕ್ಕೆ ಮಾತಾಡೋಕೆ ಏನೂ ಉಳಿಯಲ್ಲ.

ಅದೇ ರೋಗವನ್ನ ಕಪಾಟಿನಲ್ಲೂ ಹುಡುಕಿಸಬಹುದು. ಸಾರ್ವಜನಿಕ ಆರೋಗ್ಯ 614ರಲ್ಲಿ, ರೋಗಗಳು 616ರಲ್ಲಿ, ರೋಗ ಹರಡುವ ಉಣುಗು ಸೇರುವುದು 595.4ರಲ್ಲಿ, ಮಂಗ 599.8ರಲ್ಲಿ, ಜಿಲ್ಲೆಯ ಸಂಗತಿ 954.87ರಲ್ಲಿ. ಒಂದೇ ವಿಷಯ, ಐದು ಕಪಾಟು. "ಈ ವಿಷಯದ ಪುಸ್ತಕ ಎಲ್ಲ ಒಂದೇ ಕಡೆ ಇರುತ್ತೆ" ಅನ್ನೋ ನಂಬಿಕೆ ಇದರಲ್ಲಿ ಮುರಿದುಬೀಳುತ್ತೆ.

ಎರಡನೇ ಸೆಟ್ಟಿಗೆ ಕೊಳೆರೋಗ. ಇದು ಇನ್ನೂ ಮಜಾ, ಯಾಕಂದರೆ ಇಲ್ಲಿ ಕನ್ನಡ ಪದವೇ ಇಂಗ್ಲಿಷ್ ಬರಹದೊಳಗೆ ಹೋಗಿ ಕೂತಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್ಮನ್ 1910ರಲ್ಲಿ ಅಡಿಕೆ ರೋಗದ ಬಗ್ಗೆ ಬರೆದ ವರದಿಯ ಹೆಸರಲ್ಲೇ 'ಕೊಳೆರೋಗ' ಇದೆ. ಸರಿ, ಹಾಗಾದರೆ ಆ ಪದ ಹಾಕಿದರೆ ಸಾಕು ಅಂತ ತಂಡ ಅಂದ್ಕೊಳ್ಳುತ್ತೆ. ಬರೋದು ಅಡಿಕೆ ಅಲ್ಲ, ಕಾಫಿ! ಕಾಫಿಯ ಕಪ್ಪು ಕೊಳೆಯ ಶಿಲೀಂಧ್ರಕ್ಕೂ 1876ರಿಂದಲೇ ವೈಜ್ಞಾನಿಕ ಹೆಸರಿನೊಳಗೆ 'ಕೊಳೆರೋಗ' ಸೇರಿದೆ. ಆಗ 'ನಾಟ್ ಕಾಫಿ' ಹಾಕಬೇಕು, ಇಲ್ಲವೇ 'ಆ್ಯಂಡ್ ಅರಿಕಾ', ಇಲ್ಲವೇ ಅಡಿಕೆ ರೋಗ ತರುವ ಸೂಕ್ಷ್ಮಜೀವಿ ಫೈಟಾಫ್ತೊರಾ ಹೆಸರು ಹಿಡಿದು ಹೋಗಬೇಕು. 'ನಾಟ್' ಹಾಕಿದವರಿಗೆ ಒಂದು ನಷ್ಟ ಇದೆ, ಅದನ್ನೂ ತೋರಿಸಿ: ಅಡಿಕೆ, ಕಾಫಿ ಎರಡೂ ಬೆಳೆಯುವ ತೋಟದ ಲೇಖನಗಳು ಬಿದ್ದುಹೋಗುತ್ತವೆ. ನಮ್ಮ ಕಡೆ ತೋಟ ಅಂದರೆ ಬಹಳಷ್ಟು ಅವೇ ತಾನೇ.

ಅರ್ಕಾವತ್ತು

ಮೇಲಿನವರು ಇಂಗ್ಲಿಷಿನಲ್ಲೇ ಹುಡುಕಿಸ್ತಿದ್ದಾರೆ. ಬಿ.ಎ. ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲಿ ಟೈಪ್ ಮಾಡ್ತಾರೆ, ಸೊನ್ನೆ ಬರುತ್ತೆ, "ಲೈಬ್ರರಿಯಲ್ಲಿ ಏನೂ ಇಲ್ಲ" ಅಂತ ಎದ್ದು ಹೋಗ್ತಾರೆ. ಸೊನ್ನೆ ಯಾಕೆ ಬಂತು ಅನ್ನೋದೇ ಒಂದು ಸುತ್ತಾಗಬೇಕು.

ಕಾರಣ ನಾಲ್ಕು. ಹಳೆಯ ದಾಖಲೆಗಳನ್ನ ಯೂನಿಕೋಡ್ ಬರೋ ಮುಂಚಿನ ನುಡಿ ಫಾಂಟಿನಲ್ಲಿ ತುಂಬಿರಬಹುದು. ಅವು ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರದ ಗೋಜಲು, ಕನ್ನಡ ಅಲ್ಲ. ಎರಡನೇದು, ಕನ್ನಡ ಪುಸ್ತಕದ ಹೆಸರನ್ನ ರೋಮನ್ ಲಿಪಿಯಲ್ಲಿ ತುಂಬಿರೋದು, ಅದೂ ಒಬ್ಬೊಬ್ಬರು ಒಂದೊಂದು ರೀತಿ. ಮಲೆನಾಡು ಅನ್ನೋದಕ್ಕೇ ಮೂರು ಕಾಗುಣಿತ ಸಿಗುತ್ತೆ. ಮೂರನೇದು ಕಾಣದ ಅಕ್ಷರಗಳು. 'ಜೋಗ್' ಆದಮೇಲೆ ಒತ್ತಕ್ಷರ ಆಗದಿರಲಿ ಅಂತ ಹಾಕುವ ತಡೆಗುರುತು ಕಣ್ಣಿಗೆ ಕಾಣಲ್ಲ, ಹುಡುಕಾಟಕ್ಕೆ ಅಡ್ಡ ಬರುತ್ತೆ. ಅರ್ಕಾವತ್ತಿನದೂ ಅದೇ ಗೋಳು. 'ರ್ಯ' ಬರೆಯುವ ಎರಡು ಕ್ರಮ ಯಂತ್ರಕ್ಕೆ ಎರಡು ಬೇರೆ ಪದ. ನಾಲ್ಕನೇದು ಕೋಹಾದ ಒಳಗಿನದು. ಝೀಬ್ರಾ ಅನ್ನೋ ಅದರ ಹುಡುಕಾಟದ ಸೂಚಿಯನ್ನ ಐಸಿಯು (ಯೂನಿಕೋಡ್ ಲಿಪಿಗಳನ್ನ ನಿಭಾಯಿಸುವ) ಕ್ರಮಕ್ಕೆ ಹೊಂದಿಸದೇ ಇದ್ದರೆ ಕನ್ನಡ ಹುಡುಕಾಟ ನೆಟ್ಟಗೆ ಕೆಲಸ ಮಾಡಲ್ಲ. ಇದನ್ನ ಆಟಕ್ಕೆ ಮೊದಲೇ, ಕಪಾಟಿನಲ್ಲಿ ಇರೋದು ಖಾತ್ರಿಯಾದ ಹತ್ತು ಕನ್ನಡ ಪುಸ್ತಕ ಹುಡುಕಿ ನೀವೇ ನೋಡ್ಕೊಳ್ಳಿ.

ಊರ ಹೆಸರಿನದು ಬೇರೆ ಕಥೆ. ಇಂಗ್ಲಿಷಿನಲ್ಲಿ 'ಶಿಮೊಗಾ' ಇದ್ದದ್ದು ಅಧಿಕೃತವಾಗಿ 'ಶಿವಮೊಗ್ಗ' ಆದದ್ದು 2014ರ ನವೆಂಬರ್ 1ಕ್ಕೆ. ಹೊಸ ಕಾಗುಣಿತ ಒಂದನ್ನೇ ಹಾಕಿದವರಿಗೆ ಅದಕ್ಕೂ ಹಿಂದಿನ ಗೆಜೆಟಿಯರ್, ಜನಗಣತಿ, ಬಹಳಷ್ಟು ಪ್ರಬಂಧ ಸಿಗಲ್ಲ. ಎರಡನ್ನೂ 'ಆರ್' ಹಾಕಿ ಕೂಡಿಸಬೇಕು. ಒಂದು ಕಾರ್ಡಿಗೆ ಇಷ್ಟು ಸಾಕು: "ಎರಡು ಕಾಗುಣಿತದ ಫಲಿತಾಂಶ ಬೇರೆಬೇರೆ ಬರೆಯಿರಿ, ಕೂಡಿಸಿ ಹುಡುಕಿ, ಮೊತ್ತ ಯಾಕೆ ಸರಿಹೊಂದಲಿಲ್ಲ ಹೇಳಿ." ಎರಡೂ ಹೆಸರಿರುವ ದಾಖಲೆ ಒಂದೇ ಸಲ ಎಣಿಕೆಗೆ ಬರುತ್ತೆ, ಅದಕ್ಕೆ. ಆ್ಯಂಡ್, ಆರ್, ನಾಟ್ ತೋರಿಸುವ ಬೂಲಿಯನ್ ಚಿತ್ರ ಬೋರ್ಡಿನಲ್ಲಿ ಬಿಡಿಸೋ ಕೆಲಸ ಉಳೀತು.

ಬೀಗದಕೈ

ಎಲ್ಲರೂ ಕಾರ್ಡು, ಮಣೆ ಅಂತೀರಿ. ಬೀಗದ ಪೆಟ್ಟಿಗೆ ಯಾಕೆ ಬೇಡ? ಒಂದು ಕಬ್ಬಿಣದ ಪೆಟ್ಟಿಗೆ, ಮೂರಂಕಿಯ ನಂಬರ್ ಬೀಗ, ಒಳಗೆ ಚಾಕೊಲೇಟ್. ಸುಳಿವು ಹಿಡಿದು ನಂಬರು ಹುಡುಕಿ ತೆಗೆಯಬೇಕು. ಮಕ್ಕಳು ಇದಕ್ಕೆ ಬಿದ್ದಷ್ಟು ಬೇರೆ ಯಾವುದಕ್ಕೂ ಬೀಳಲ್ಲ.

ತೀರ್ಥಹಳ್ಳಿ ಮೇಷ್ಟ್ರು

ಬೀಳ್ತಾರೆ ನಿಜ, ಬೀಗಕ್ಕೆ ಬೀಳ್ತಾರೆ. ಮೂರಂಕಿಗೆ ಇರೋದು 1000 ಸಾಧ್ಯತೆ. ಒಂದಕ್ಕೆ 2 ಸೆಕೆಂಡ್ ಹಿಡಿದರೂ ಪೂರ್ತಿ ತಿರುಗಿಸೋಕೆ 33 ನಿಮಿಷ, ಸರಾಸರಿ 17ರಲ್ಲಿ ತೆರೆಯುತ್ತೆ. ಅಗ್ಗದ ಬೀಗ ಆದರೆ ಎಳೆದು ಹಿಡಿದು ತಿರುಗಿಸಿದಾಗ ಬೆರಳಿಗೇ ಗೊತ್ತಾಗುತ್ತೆ, ಎರಡೇ ನಿಮಿಷ. ಹಿಂದಿನ ಬೆಂಚಿನ ಒಬ್ಬನಿಗೆ ಆ ವಿದ್ಯೆ ಬಂದೇ ಬಂದಿರುತ್ತೆ.

ನಾಲ್ಕಂಕಿ ಹಾಕಿ ಅಂತೀರಿ. ಉತ್ತರ ಇಸವಿ ಆಗಿದ್ದರೆ ಮೊದಲ ಎರಡಂಕಿ 18, 19 ಅಥವಾ 20. ಹತ್ತು ಸಾವಿರ ಅಲ್ಲ, 300. ಇಸವಿಯನ್ನ ಯಾವತ್ತೂ ಬೀಗದ ನಂಬರು ಮಾಡಬೇಡಿ. ಅದೂ ಅಲ್ಲದೆ 'ಮಂಗನ ಕಾಯಿಲೆ ಮೊದಲು ಕಂಡದ್ದು ಯಾವಾಗ' ಅಂದರೆ ಫೋನು ಒಂದೇ ಉಸಿರಿಗೆ ಹೇಳುತ್ತೆ.

ಫೋನಿಗೆ ಗೊತ್ತಿಲ್ಲದ್ದು, ಪುಸ್ತಕದ ಮೈಯಲ್ಲೇ ಇರೋದನ್ನ ಕೇಳಿ. ಕಾಲ್ ನಂಬರಿನ ಚುಕ್ಕಿ ನಂತರದ ಕೊನೆ ಅಂಕಿ, ಪದಸೂಚಿಯಲ್ಲಿ 'ಇಕ್ಕೇರಿ' ಪದದ ಎದುರು ಇರುವ ಮೊದಲ ಪುಟದ ಕೊನೆ ಅಂಕಿ, ನಿಮ್ಮ ಪ್ರತಿಯ ಪರಿಗ್ರಹಣ ಸಂಖ್ಯೆಯ (ಲೈಬ್ರರಿ ಪ್ರತಿ ಪ್ರತಿಗೂ ಕೊಡುವ ದಾಖಲೆ ಸಂಖ್ಯೆ) ಕೊನೆ ಎರಡಂಕಿ. ತಪ್ಪು ನಂಬರು ಹಾಕಿದರೆ 2 ನಿಮಿಷ ದಂಡ, ಪೆಟ್ಟಿಗೆ ಮುಟ್ಟೋ ಹಾಗಿಲ್ಲ. ಅಷ್ಟಾದರೂ 18 ತಂಡಕ್ಕೆ 18 ಬೀಗ, ಮುಂದಿನ ಬ್ಯಾಚಿಗೆ ವಾಟ್ಸ್ಯಾಪಿನಲ್ಲಿ ಉತ್ತರ. ನನ್ನ ಮತ: 54 ಜನಕ್ಕೆ ಬೇಡ, ಇತಿಹಾಸ ಐಚ್ಛಿಕದ 12-15 ಜನಕ್ಕೆ ಒಳ್ಳೇದು.

ಅಂಥ ಚಿಕ್ಕ ಗುಂಪಿಗೆ ಶಾಸನ ಕೊಡಿ. 'ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 7, ಶಿಕಾರಿಪುರ 176' ಅಂತ ಒಂದು ಅಡಿಟಿಪ್ಪಣಿ ಕೈಗಿಟ್ಟು, "ಇದು ಏನು, ಎಲ್ಲಿದೆ?" ಅಂತಷ್ಟೇ ಕೇಳಿ. ಅದು ಕದಂಬರ ತಾಳಗುಂದ ಸ್ತಂಭಶಾಸನ. 176 ಪುಟಸಂಖ್ಯೆ ಅಲ್ಲ, ಆ ತಾಲ್ಲೂಕಿನ ಶಾಸನದ ಕ್ರಮಸಂಖ್ಯೆ. ಎಲ್ಲರೂ ಮೊದಲು 176ನೇ ಪುಟ ತೆಗೀತಾರೆ. ಈ ಶಾಸನ ಸಂಪುಟಗಳನ್ನ ಮೊದಲು ಸಂಪಾದಿಸಿದ ರೈಸ್ ಅವರ ಹಳೆಯ ಆವೃತ್ತಿಯಲ್ಲಿ ಶಿವಮೊಗ್ಗ ಜಿಲ್ಲೆ ಎರಡು ಸಂಪುಟಕ್ಕೆ ಹರಡಿದೆ. 1902ರ ಏಳನೇದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 1904ರ ಎಂಟನೇದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಮೂಲಪಾಠ ಬೇರೆ ಭಾಗದಲ್ಲಿ, ಅನುವಾದ ಬೇರೆ ಭಾಗದಲ್ಲಿ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಹಂಚಿಕೆಯೇ ಬೇರೆ. ಯಾವ ಆವೃತ್ತಿ ಅಂತ ನೋಡದೆ ಹೊರಟ ತಂಡ ಅರ್ಧ ಗಂಟೆ ಅಲೆಯುತ್ತೆ. ಅಲೆಯಲಿ, ಅದಕ್ಕೇ ಇಟ್ಟದ್ದು.

ಕಪಾಟು ನಂ. 7

ಮೂರು ಕಟ್ಟೆ ಒಪ್ಪಿದೆ. ಮಣೆಯನ್ನ ಹೀಗೆ ತಿದ್ದಿದ್ದೇನೆ. ಕವಡೆ ಇಲ್ಲ. ಒಂದು ಪ್ರಶ್ನೆ ಕೊಡೋದು, ಅದಕ್ಕೆ ತಂಡ ಆಕರ ತರೋದು. ಪುಸ್ತಕಕ್ಕೆ 3 ಮನೆ, ಸಂಶೋಧನಾ ಲೇಖನಕ್ಕೆ 4, ಪತ್ರಿಕೆಯ ಸುದ್ದಿಗೆ 1, ವೆಬ್ ಪುಟಕ್ಕೆ 0.

ಸೊರಬದ ಕಾಡು

ಇದರಿಂದ ಮಕ್ಕಳು ಕಲಿಯೋದು ಏನು ಅಂದರೆ ಪುಸ್ತಕ ಅಂದರೆ ಒಳ್ಳೇದು, ವೆಬ್ ಅಂದರೆ ಕೆಟ್ಟದ್ದು. "ಈ ವಾರ ತಾಲ್ಲೂಕಿನಲ್ಲಿ ಎಷ್ಟು ಮಂಗನ ಕಾಯಿಲೆ ಪ್ರಕರಣ?" ಅನ್ನೋ ಪ್ರಶ್ನೆಗೆ ಯಾವ ಪುಸ್ತಕ ತರ್ತೀರಿ? ಆರೋಗ್ಯ ಇಲಾಖೆಯ ಪ್ರಕಟಣೆ ವೆಬ್ಬಿನಲ್ಲಿದೆ, ಅದೇ ಸರಿಯಾದ ಆಕರ. "ಜನ ಆಗ ಏನು ಮಾತಾಡ್ಕೊಂಡರು?" ಅನ್ನೋದಕ್ಕೆ ಆ ಕಾಲದ ಪತ್ರಿಕೆ ಬೇಕು, ಸಂಶೋಧನಾ ಲೇಖನ ಅಲ್ಲ.

ಆಕರದ ಜಾತಿ ನೋಡಿ ಮನೆ ಕೊಡಬೇಡಿ, ಕಾರಣ ನೋಡಿ ಕೊಡಿ. ಬರೆದವರು ಯಾರು, ಯಾವಾಗ ಬರೆದದ್ದು, ಈ ಪ್ರಶ್ನೆಗೆ ಇದೇ ಯಾಕೆ. ಮೂರಕ್ಕೆ ಮೂರು ಮನೆ. ಒಂದು ಹೇಳೋಕೆ ಬರದಿದ್ದರೆ ಎರಡೇ.

ಮಳೆಗಾಲ

ಕಾಡಿನವರು ಹೇಳಿದ್ದು ಸರಿ. ಅದರ ಮೇಲೆ ಇನ್ನೊಂದು ಲೆಕ್ಕ. ಚೌಕಾಬಾರದಲ್ಲಿ ಶುರುವಿನ ಮನೆಯಿಂದ ಹಣ್ಣಾಗೋವರೆಗೆ ಹೊರಸುತ್ತು 15, ಒಳಸುತ್ತು 8, ನಡುಮನೆ 1, ಒಟ್ಟು 24 ನಡೆ. ಸರದಿಗೆ 3 ನಡೆದರೂ 8 ಸರದಿ ಬೇಕು. 13 ನಿಮಿಷದಲ್ಲಿ ಅಷ್ಟಾಗಲ್ಲ. ಹೊರಸುತ್ತು ಬಿಟ್ಟುಬಿಡಿ. ಶುರುವಿನ ಮನೆಯಿಂದ ನೇರ ಒಳಸುತ್ತಿಗೆ, 8 ಮತ್ತು 1 ಸೇರಿ 9 ನಡೆ. ಮೂರು ಸರದಿ, ಸರದಿಗೆ 4 ನಿಮಿಷ. ಕಟ್ಟೆಗೆ 6 ತಂಡ ಅಂದರೆ ಎರಡು ಮಣೆ, ಮಣೆಗೆ 3 ತಂಡ. ಮೂರು ತಂಡವೂ ಒಟ್ಟಿಗೆ ಆಕರ ಆರಿಸಲಿ, ಕಾರಣ ಹೇಳೋಕೆ ಮಾತ್ರ ಸರದಿ.

ಆಕರ ತರೋಕೆ ಕಂಪ್ಯೂಟರ್ ಅಲ್ಲಿ ಇರಲ್ಲ. ಒಂದು ಬುಟ್ಟಿಯಲ್ಲಿ 24 ಆಕರ ಹಾಕಿಡಿ: ಬೀರುವಿನ ಆರೆಂಟು ಪುಸ್ತಕ, ಲೇಖನಗಳ ಮೊದಲ ಪುಟದ ಜೆರಾಕ್ಸ್, ವೆಬ್ ಪುಟದ ಪ್ರಿಂಟು, ಪತ್ರಿಕೆಯ ತುಣುಕು, ಶೋಧಗಂಗಾದ (ಪಿಎಚ್.ಡಿ. ಪ್ರಬಂಧಗಳ ಜಾಲತಾಣ) ಒಂದೆರಡು ಪ್ರಬಂಧದ ಮುಖಪುಟ ಮತ್ತು ಗ್ರಂಥಸೂಚಿ. ಶೋಧಗಂಗಾದಲ್ಲಿ ಪ್ರಬಂಧದ ಅಧ್ಯಾಯಗಳು ಸಾಮಾನ್ಯವಾಗಿ ಬೇರೆಬೇರೆ ಕಡತ ಆಗಿರ್ತವೆ, ಗ್ರಂಥಸೂಚಿಯನ್ನ ಮಾತ್ರ ಇಳಿಸಿಕೊಂಡರೆ ಸಾಕು, ನೆಟ್‌ವರ್ಕೂ ಉಳಿಯುತ್ತೆ.

ಕಾಯಿ ಹೊಡೆಯೋದನ್ನೂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಚೌಕಾಬಾರಕ್ಕೆ ರುಚಿ ಇರಲ್ಲ. ಎದುರು ತಂಡದ ಆಕರದಲ್ಲಿ ದೋಷ ತೋರಿಸಿದರೆ ಅವರ ಕಾಯಿ ಶುರುವಿನ ಮನೆಗೆ ವಾಪಸ್. ಆದರೆ ತಂಡಕ್ಕೆ ಇಡೀ ಆಟದಲ್ಲಿ ಒಂದೇ ಸವಾಲು, ಒಂದೇ ನಿಮಿಷ. ಮಿತಿ ಹಾಕದಿದ್ದರೆ ಅದು ಪಂಚಾಯ್ತಿ ಕಟ್ಟೆ ಆಗಿಬಿಡುತ್ತೆ.

ಅರ್ಕಾವತ್ತು

ಬುಟ್ಟಿಯಲ್ಲಿ ನಾಲ್ಕು ನಕಲಿ ಉಲ್ಲೇಖವನ್ನೂ ಸೇರಿಸಿ. ಚಾಟ್‌ಬಾಟ್ ಕೇಳಿದರೆ ಲೇಖಕ, ವರ್ಷ, ಪುಟ ಎಲ್ಲ ಅಚ್ಚುಕಟ್ಟಾಗಿರೋ, ಆದರೆ ಲೋಕದಲ್ಲೇ ಇಲ್ಲದ ಲೇಖನದ ಹೆಸರು ಕೊಡಬಹುದು. ಅದನ್ನ ಹಿಡಿಯೋ ಕಣ್ಣು ಬೇಕು. ಕಂಪ್ಯೂಟರ್ ಇಲ್ಲದೆಯೂ ಹಿಡಿಯುವಂಥ ನಕಲಿಗಳನ್ನ ಮಾಡಬಹುದು:

'ಪಿಎಚ್.ಡಿ. ಪ್ರಬಂಧ, ಕುವೆಂಪು ವಿಶ್ವವಿದ್ಯಾಲಯ, 1979.' ಆ ವಿಶ್ವವಿದ್ಯಾಲಯ ಶುರುವಾದದ್ದೇ 1987ರಲ್ಲಿ. ಅದು ಇರೋ ಶಂಕರಘಟ್ಟದ ಬಸ್ಸು ನೋಡಿದ ಮಕ್ಕಳಿಗೂ ಈ ಇಸವಿ ಗೊತ್ತಿರಲ್ಲ, ಅದಕ್ಕೆ ಪಕ್ಕದಲ್ಲಿ ಒಂದು ಪರಾಮರ್ಶನ ಗ್ರಂಥ ಇಟ್ಟಿರಿ.

'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ, ಸಂಪುಟ 30, 2004.' ಆ ಹೆಸರಿನ ಮೊದಲ ಸಂಪುಟ 1966ರದು, ವರ್ಷಕ್ಕೊಂದು ಸಂಪುಟ. ಮೂವತ್ತನೇದು 1995. 2004 ಆಗಬೇಕಾದರೆ ಸಂಪುಟ 39.

ಐಎಸ್‌ಬಿಎನ್ ನಕಲಿಯನ್ನ ಬಿ.ಕಾಂ. ಮಕ್ಕಳಿಗೆ ಕೊಡಿ, ಲೆಕ್ಕ ಅವರಿಗೆ ಇಷ್ಟ. 13 ಅಂಕಿಯನ್ನ ಎಡದಿಂದ ಸರದಿಯಂತೆ 1, 3, 1, 3 ಅಂತ ಗುಣಿಸಿ ಕೂಡಿಸಿದರೆ ಮೊತ್ತ ಹತ್ತರಿಂದ ಭಾಗ ಆಗಬೇಕು. ಅಭ್ಯಾಸಕ್ಕೆ ಕಟ್ಟಿದ ಒಂದು ಸಂಖ್ಯೆ: 9788123456782. ಮೊದಲ ಹನ್ನೆರಡರ ಮೊತ್ತ 138, ಕೊನೆಯ 2 ಸೇರಿ 140. ಸರಿ. ಕೊನೆಗೆ 5 ಇದ್ದರೆ ತಪ್ಪು. ಇದಕ್ಕೂ ಮಿತಿ ಇದೆ. ಅಕ್ಕಪಕ್ಕದ ಎರಡು ಅಂಕಿಗಳ ವ್ಯತ್ಯಾಸ 5 ಇದ್ದು ಅವು ಅದಲುಬದಲಾದರೆ (2 ಮತ್ತು 7, ಉದಾಹರಣೆಗೆ) ಈ ಲೆಕ್ಕಕ್ಕೆ ಸಿಕ್ಕಿಬೀಳಲ್ಲ. ಲೆಕ್ಕ ಸರಿ ಬಂತು ಅಂದ ಮಾತ್ರಕ್ಕೆ ಪುಸ್ತಕ ಇದೆ ಅಂತಲೂ ಅಲ್ಲ. 2007ಕ್ಕೆ ಮೊದಲಿನ ಪುಸ್ತಕದಲ್ಲಿ ಹತ್ತೇ ಅಂಕಿ ಇರೋದು ಸಹಜ, ಅದನ್ನ ನಕಲಿ ಅನ್ನಬೇಡಿ.

ನಕಲಿ ಮಾಡುವಾಗ ಬದುಕಿರುವ ಅಧ್ಯಾಪಕರ ಹೆಸರು ಹಾಕಬೇಡಿ. ಪ್ರತಿ ನಕಲಿ ಕಾರ್ಡಿನ ಹಿಂದೆ ಸೀಲ್ ಹೊಡೆದಿರಿ, ಆಟ ಮುಗಿದ ಮೇಲೆ ಎಣಿಸಿ ವಾಪಸ್ ತಗೊಳ್ಳಿ. ಒಂದು ಹೊರಗೆ ಹೋದರೂ ಯಾರದೋ ಅಸೈನ್‌ಮೆಂಟಿನಲ್ಲಿ ಪ್ರತ್ಯಕ್ಷ ಆಗುತ್ತೆ.

ಕಾಮರ್ಸ್ ಮೇಡಂ

ಲೆಕ್ಕ ಬಂತಲ್ಲ, ಈಗ ನಾನೂ ಇದ್ದೇನೆ. ಅಂಕದ ವಿಷಯ ಯಾರೂ ಹೇಳಲಿಲ್ಲ. ಗೆದ್ದ ತಂಡಕ್ಕೆ ಆಂತರಿಕ ಅಂಕ ಕೊಡ್ತೀರಾ?

ತೀರ್ಥಹಳ್ಳಿ ಮೇಷ್ಟ್ರು

ಗೆದ್ದದ್ದಕ್ಕೆ ಬೇಡ, ಚೀಟಿಗೆ ಕೊಡಿ. ನಾಲ್ಕು ಕಂಬದ ಹುಡುಕಾಟದ ಚೀಟಿಯನ್ನ ಆ ತಿಂಗಳ ಯಾವುದಾದರೂ ಒಂದು ಅಸೈನ್‌ಮೆಂಟಿಗೆ ಹೊಲಿದುಬಿಡಿ. ಅದಕ್ಕೆ ವಿಷಯದ ಅಧ್ಯಾಪಕರನ್ನ ಮೊದಲೇ ಒಪ್ಪಿಸಬೇಕು, ಆಟದ ವಿಷಯ ಮತ್ತು ಅವರ ಅಸೈನ್‌ಮೆಂಟಿನ ವಿಷಯ ಒಂದೇ ಇರಬೇಕು. ಆಟ ಆಡಿದ್ದು ಜುಲೈಯಲ್ಲಿ, ಪ್ರಬಂಧ ಬರೆಯೋದು ಅಕ್ಟೋಬರಿನಲ್ಲಿ ಅಂದರೆ ನಡುವೆ ಎಲ್ಲ ಮಳೆಗೆ ಕೊಚ್ಚಿಹೋಗಿರುತ್ತೆ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಫೈಲಿಗೂ ಬರೀ ಫೋಟೊಕ್ಕಿಂತ 18 ತಂಡದ 18 ಚೀಟಿ ಗಟ್ಟಿ ಪುರಾವೆ. ಫೋಟೊ ಹೇಗೂ ತೆಗೆದೇ ತೆಗೀತೀರಿ.

ಕೊನೆಯ 11 ನಿಮಿಷಕ್ಕೆ ಎರಡೇ ಪ್ರಶ್ನೆ. ಯಾವ ಪದಕ್ಕೆ ಏನೂ ಸಿಗಲಿಲ್ಲ? ಆಮೇಲೆ ಏನು ಬದಲಾಯಿಸಿದಿರಿ? "ಆಟ ಹೇಗಿತ್ತು?" ಅಂತ ಕೇಳಬೇಡಿ, "ಚೆನ್ನಾಗಿತ್ತು ಮೇಡಂ" ಅಂತ 54 ಉತ್ತರ ಬರುತ್ತೆ.

ಕಪಾಟು ನಂ. 7

ಸರಿ ಮೇಷ್ಟ್ರೆ. ಒಂದೇ ದಿನ ಎರಡು ಬ್ಯಾಚು ಬಂದರೆ ಉತ್ತರ ಸೋರೋದಕ್ಕೆ ಏನು ಮಾಡೋದು? ಕಾರ್ಡು ಎಷ್ಟು ಸೆಟ್ ಬೇಕು?

ಮಳೆಗಾಲ

ಒಂದೇ ನಮೂನೆಯ ನಾಲ್ಕು ವಿಷಯ ಇಟ್ಟುಕೊಳ್ಳಿ: ಮಂಗನ ಕಾಯಿಲೆ, ಕೊಳೆರೋಗ, ಲಿಂಗನಮಕ್ಕಿ ಮುಳುಗಡೆ, ಕಾಗೋಡು ಸತ್ಯಾಗ್ರಹ. ಬ್ಯಾಚಿಗೆ ಎರಡೆರಡು. ಒಂದರ ಉತ್ತರ ಇನ್ನೊಂದಕ್ಕೆ ಬರಲ್ಲ. ಹುಡುಕುವ ದಾರಿ ಹೇಳಿಕೊಟ್ಟರೆ ಹೇಳಿಕೊಡಲಿ, ನಮಗೆ ಬೇಕಾದದ್ದೂ ಅದೇ ತಾನೇ.

ಕಪಾಟಿನ ಕಟ್ಟೆಗೆ 12 ಕಾರ್ಡಿನ 6 ಸೆಟ್, ಒಟ್ಟು 72. ಎರಡು ಸೆಟ್ ಹೆಚ್ಚಿಗೆ ಮಾಡಿ, ಒಂದೆರಡು ಕಾರ್ಡು ಕಳೆದೇ ಕಳೆಯುತ್ತೆ. ಸೆಟ್ಟಿಗೊಂದು ಬಣ್ಣದ ಮೂಲೆ ಇರಲಿ, ಇಲ್ಲದಿದ್ದರೆ ಕಲೆತು ಹೋದಮೇಲೆ ಬೇರ್ಪಡಿಸೋಕೆ ಸಂಜೆ ಬಸ್ಸು ತಪ್ಪುತ್ತೆ. ಲ್ಯಾಮಿನೇಟ್ ಮಾಡಿಸುವಾಗ ಸುತ್ತಲೂ 3 ಮಿ.ಮೀ. ಪ್ಲಾಸ್ಟಿಕ್ ಅಂಚು ಬಿಟ್ಟು ಕತ್ತರಿಸಿ. ಕಾಗದದ ಅಂಚಿಗೇ ಕತ್ತರಿಸಿದರೆ ಆಗಸ್ಟಿನೊಳಗೆ ಪದರ ಬಿಟ್ಟು ಒಳಗೆ ತೇವ ಕೂತು ಶಾಯಿ ಹರಡುತ್ತೆ. ರಬ್ಬರ್ ಬ್ಯಾಂಡ್ ಬೇಡ, ನಮ್ಮ ಹವೆಗೆ ಅಂಟಾಗಿ ಕಾರ್ಡಿಗೇ ಹಿಡ್ಕೊಳ್ಳುತ್ತೆ, ದಾರ ಸಾಕು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಗೋಡೆಗೆ ತಾಗದ ಹಾಗೆ ಬೀರುವಿನ ಮೇಲಿನ ಹಲಗೆಯಲ್ಲಿಡಿ.